ಹೊಸಬಳ ಆರು ವಾರ

ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ ಹೊಸಬಳು ಕೆಲಸಕ್ಕೆ ಬಂದಳು. ಹತ್ತೂಕಾಲಿನ ಹೊತ್ತಿಗೆ ಅತ್ತಿಗೆಗೆ ಅವಳನ್ನು ಕಂಡರೆ ಆಗದಂತಾಗಿತ್ತು.

ಕಂಪನಿಗೆ ಆಗ ಏಳು ತಿಂಗಳು. ಕಾಲಿನ ತೊಂದರೆ ಇರುವವರಿಗೆ ಅವರವರ ಅಳತೆಗೆ ಷೂ ಮಾಡಿಕೊಡುವುದು ಅದರ ಕೆಲಸ. ಒಂದು ಕಾಲು ಗಿಡ್ಡ ಇರುವವರು, ಪಾದ ಸೊಟ್ಟಗಾದವರು, ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಹೋದವರು ಬರುತ್ತಿದ್ದರು. ಹಿಂದೆ ಮುದ್ರಣಾಲಯವಾಗಿದ್ದ ಜಾಗ. ಮುಂದಿನ ಕೋಣೆಯಲ್ಲಿ ಅಳತೆ, ಹಿಂದಿನ ಕೋಣೆಯಲ್ಲಿ ಹೊಲಿಗೆ, ಉಜ್ಜುವ ಯಂತ್ರ, ಅಂಟಿನ ಡಬ್ಬಗಳು, ಗೋಡೆಗೆ ಒರಗಿಸಿದ ಚರ್ಮದ ಸುರುಳಿಗಳು. ಎಷ್ಟು ತೊಳೆದರೂ ನೆಲದ ಮೇಲೆ ಹಳೆಯ ಶಾಯಿಯ ಕಲೆ ಹೋಗಿರಲಿಲ್ಲ.

ಕಂಪನಿ ಶುರು ಮಾಡಿದವನು ಅತ್ತಿಗೆಯ ಮೈದುನ. ದೊಡ್ಡ ಷೂ ಕಾರ್ಖಾನೆಯ ಅಚ್ಚಿನ ವಿಭಾಗದಲ್ಲಿದ್ದವನು ಕೆಲಸ ಬಿಟ್ಟು ಬಂದು, ಮೊದಲು ಕರೆದದ್ದು ಅಣ್ಣನ ಹೆಂಡತಿಯನ್ನೇ. ಅವಳು ಹನ್ನೊಂದು ವರ್ಷ ಷೂ ಅಂಗಡಿಯಲ್ಲಿ ಜನರ ಕಾಲ ಬುಡದಲ್ಲಿ ಕೂತವಳು. ಹಳೆಯ ಚಪ್ಪಲಿ ತಿರುಗಿಸಿ ಹಿಮ್ಮಡಿ ಎಲ್ಲಿ ಸವೆದಿದೆ ಎಂದು ನೋಡಿದರೆ ಸಾಕು, ಈ ಮನುಷ್ಯ ಮೆಟ್ಟಿಲು ಹೇಗೆ ಇಳಿಯುತ್ತಾನೆ, ಚೀಲ ಯಾವ ಕೈಯಲ್ಲಿ ಹಿಡಿಯುತ್ತಾನೆ ಎಂದು ಹೇಳುತ್ತಿದ್ದಳು. ಮೈದುನ ಅತ್ತಿಗೆ ಅಂದದ್ದನ್ನು ಕೇಳಿ ಹೊಲಿಗೆಯವನು ಅತ್ತಿಗೆ ಅಂದ, ಅವನನ್ನು ಕೇಳಿ ಗಿರಾಕಿಗಳೂ ಅಂದರು, ಎಪ್ಪತ್ತು ದಾಟಿದವರು ಕೂಡ. ಹೊಲಿಗೆಯವನಿಗೆ ಅವಳು ಇಟ್ಟ ಹೆಸರು ದಾರದಣ್ಣ. ಕಂಪನಿ ಅಂದರೆ ಈ ಮೂವರು.

ಹೊಸಬಳು ನಾಲ್ಕನೆಯವಳು. ಕೃತಕ ಕಾಲು ತಯಾರಿಸುವ ಆಸ್ಪತ್ರೆಯ ವಿಭಾಗವೊಂದರಲ್ಲಿ ಆರು ವರ್ಷ ಇದ್ದವಳು. ವಯಸ್ಸು ಇಪ್ಪತ್ತೊಂಬತ್ತು. ಒಂದು ಪುನರ್ವಸತಿ ಕೇಂದ್ರದಿಂದ ನಲವತ್ತು ಜೋಡಿಗೆ ಆರ್ಡರ್ ಬಂದಿತ್ತು, ಎರಡೂವರೆ ತಿಂಗಳ ಗಡುವು. ಮೂರು ಜೊತೆ ಕೈಗಳಿಂದ ಆಗುವ ಕೆಲಸವಲ್ಲ ಎಂದು ಮೈದುನ ಅವಳನ್ನು ಕರೆತಂದಿದ್ದ. ಅತ್ತಿಗೆಯೂ ಆಗಲಿ ಅಂದಿದ್ದಳು.

ಆ ಮೊದಲ ಬೆಳಿಗ್ಗೆ ಬಂದ ಗಿರಾಕಿ ಗಣಿತದ ಮೇಷ್ಟ್ರು. ಅವರಿಗೆ ಅತ್ತಿಗೆ ಅದಾಗಲೇ ಮೂರು ಜೋಡಿ ಮಾಡಿಸಿದ್ದಳು, ಮೂರೂ ವಾಪಸ್ ಬಂದಿದ್ದವು. ಮೊದಲನೆಯದು ಬಿಗಿ, ಎರಡನೆಯದು ಭಾರ, ಮೂರನೆಯದರ ಬಗ್ಗೆ ಅವರು ಹೇಳಿದ್ದು "ಇದು ನನ್ನದಲ್ಲ ಅನ್ನಿಸುತ್ತೆ" ಎಂದಷ್ಟೇ. ಅತ್ತಿಗೆ ನಾಲ್ಕನೇ ಸಲ ಅವರ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ಟೇಪು ಸುತ್ತುತ್ತಿದ್ದಾಗ, ಹೊಸಬಳು, ಸರ್, ಒಂದು ಸಲ ಬರಿಗಾಲಲ್ಲಿ ಗೋಡೆಯವರೆಗೆ ಹೋಗಿ ಬರ್ತೀರಾ ಎಂದು ಕೇಳಿದಳು. ಮೇಷ್ಟ್ರು ಹೋಗಿ ಬಂದರು. ಅವಳು ಅವರ ಪಾದ ನೋಡಲಿಲ್ಲ, ಸೊಂಟದ ಬೆಲ್ಟ್ ನೋಡಿದಳು. ಆಮೇಲೆ ಅವರ ಎಡ ಹಿಮ್ಮಡಿಯ ಕೆಳಗೆ ಒಂದೊಂದೇ ತೆಳು ಪುಸ್ತಕ ಇಡುತ್ತಾ ಹೋಗಿ, ಬೆಲ್ಟ್ ಮಟ್ಟವಾದ ಕೂಡಲೇ ನಿಲ್ಲಿಸಿದಳು. ತೊಂದರೆ ಪಾದದಲ್ಲಿರಲಿಲ್ಲ, ತೊಡೆಯ ಮೂಳೆಯಲ್ಲಿತ್ತು. ಒಂಬತ್ತು ಮಿಲಿಮೀಟರ್ ಗಿಡ್ಡ.

ಮೇಷ್ಟ್ರು ಪುಸ್ತಕಗಳ ಮೇಲೆ ನಿಂತುಕೊಂಡೇ ಬಗ್ಗಿ ತಮ್ಮ ಬೆಲ್ಟ್ ನೋಡಿಕೊಂಡರು. ಆಮೇಲೆ, ನಲವತ್ತು ವರ್ಷದಿಂದ ಕಪ್ಪುಹಲಗೆ ಮೇಲೆ ನನ್ನ ಸಾಲುಗಳು ಯಾಕೆ ಇಳಿಜಾರು ಅಂತ ಈಗ ಗೊತ್ತಾಯ್ತು, ಅಂದರು. ಎಲ್ಲರೂ ನಕ್ಕರು. ಅತ್ತಿಗೆಯೂ ನಕ್ಕಳು, ಟೇಪು ಸುತ್ತಿ ಜೇಬಿಗೆ ಹಾಕಿಕೊಂಡಳು. ಗಡಿಯಾರ ಆಗ ಹತ್ತೂಕಾಲು ತೋರಿಸುತ್ತಿತ್ತು.

ಹೊಸಬಳಲ್ಲಿ ಬೆರಳಿಟ್ಟು ತೋರಿಸುವಂಥ ತಪ್ಪೇನೂ ಇರಲಿಲ್ಲ, ಅತ್ತಿಗೆಯ ಸಂಕಟ ಅದೇ. ಸೊಕ್ಕಿನವಳಾಗಿದ್ದರೆ ಮೂಗು ಮುರಿಯಬಹುದಿತ್ತು, ಸೋಮಾರಿಯಾಗಿದ್ದರೆ ಗದರಬಹುದಿತ್ತು. ಅವಳು ಟೀ ಕುಡಿದ ಲೋಟ ತಾನೇ ತೊಳೆದಿಡುತ್ತಿದ್ದಳು. ಅತ್ತಿಗೆಯ ಲೋಟವನ್ನೂ ತೊಳೆದಿಡುತ್ತಿದ್ದಳು. ಅತ್ತಿಗೆ ಹೋಗಿ ತನ್ನ ಲೋಟವನ್ನು ಇನ್ನೊಂದು ಸಲ ತೊಳೆಯುತ್ತಿದ್ದಳು. ಎಲ್ಲರೂ ಅತ್ತಿಗೆ ಎಂದು ಕರೆಯುವ ಜಾಗದಲ್ಲಿ ಅವಳೊಬ್ಬಳು ಮೇಡಂ ಅನ್ನುತ್ತಿದ್ದಳು. ಅದು ಮರ್ಯಾದೆಯೋ ದೂರ ಇಡುವ ಉಪಾಯವೋ ಎಂದು ಅತ್ತಿಗೆ ಎರಡು ವಾರ ಯೋಚಿಸಿದಳು.

ಎರಡನೇ ವಾರ ದಾರದಣ್ಣ ಹೊಸಬಳಿಗಾಗಿ ಉಜ್ಜುವ ಯಂತ್ರದ ಮೇಜನ್ನು ನಾಲ್ಕು ಬೆರಳು ತಗ್ಗಿಸಿಕೊಟ್ಟ. ಅತ್ತಿಗೆ ಮೊದಲ ತಿಂಗಳಲ್ಲೇ ಕೇಳಿದ್ದಕ್ಕೆ, ಕಾಲು ಕತ್ತರಿಸಿದರೆ ಮೇಜು ಅಳ್ಳಾಡುತ್ತೆ ಅಂದಿದ್ದವನು ಅವನೇ. ಈಗ ಅಳ್ಳಾಡುವುದಿಲ್ಲವಾ ಎಂದು ಕೇಳಿದಳು. ಅವನು ಬಾಯಲ್ಲಿದ್ದ ದಾರ ತೆಗೆಯದೆ, ಅಳ್ಳಾಡುತ್ತೆ, ಆದರೆ ಅವಳು ಕೇಳಿದ್ದು ನಗ್ತಾ ನಗ್ತಾ, ಅಂದ.

ಅದೇ ವಾರ ಮೈದುನ ಅಳತೆಯ ಪದ್ಧತಿಯನ್ನೇ ಬದಲಾಯಿಸಿದ. ಅದುವರೆಗೆ ಅಳತೆಗಳೆಲ್ಲ ಅತ್ತಿಗೆಯ ನೋಟ್‌ಬುಕ್ಕಿನಲ್ಲಿರುತ್ತಿದ್ದವು. ಅದನ್ನು ಓದಬಲ್ಲವರು ಇಬ್ಬರೇ, ಬರೆದ ಅತ್ತಿಗೆ ಮತ್ತು ಕತ್ತರಿಸುವ ದಾರದಣ್ಣ. ಈಗ ಹೊಸಬಳ ಸಲಹೆಯಂತೆ ಹದಿನಾಲ್ಕು ಅಂಕಣಗಳ ಮುದ್ರಿತ ಹಾಳೆ ಬಂತು. ಎಡಕ್ಕೆ ಒಂದು ಸಾಲು, ಬಲಕ್ಕೆ ಒಂದು ಸಾಲು, ಕೆಳಗೆ ಪರಿಶೀಲಿಸಿದವರ ಸಹಿ. ಸಹಿ ಹೊಸಬಳದು. ನಾಳೆ ನಾವು ಹತ್ತು ಜನ ಆದಾಗ ನಿಮ್ಮ ತಲೆಯಲ್ಲಿರೋದು ಎಲ್ಲರಿಗೂ ಸಿಗಬೇಕಲ್ಲ ಅತ್ತಿಗೆ, ಎಂದು ಮೈದುನ ಸಮಾಧಾನ ಹೇಳಿದ. ಎಲ್ಲರಿಗೂ ಸಿಕ್ಕ ಮೇಲೆ ತಲೆ ಯಾಕೆ ಬೇಕು ಎಂಬ ಮಾತು ಅತ್ತಿಗೆಯ ನಾಲಿಗೆಯ ತುದಿಗೆ ಬಂದಿತ್ತು.

ಇಷ್ಟಾದರೂ ತಡೆದುಕೊಳ್ಳಬಹುದಿತ್ತು. ಮೂರನೇ ವಾರದ ಬುಧವಾರ ಅತ್ತಿಗೆಯ ಗಂಡ ಬಂದ.

ಶಾಲಾ ಬಸ್ಸಿನ ಚಾಲಕ. ಆರು ವರ್ಷದಿಂದ ಸೊಂಟ ನೋವು. ಮುಲಾಮು, ಬಿಸಿನೀರಿನ ಚೀಲ, ಗಟ್ಟಿ ಹಾಸಿಗೆ ಎಲ್ಲ ಆಗಿತ್ತು. ಆ ದಿನ ಹೆಂಡತಿಯನ್ನು ಕರೆದುಕೊಂಡು ಹೋಗಲು ಬಂದವನು ಗೇಟಿನಿಂದ ಬಾಗಿಲವರೆಗೆ ಇಪ್ಪತ್ತು ಹೆಜ್ಜೆ ನಡೆದ. ಕಿಟಕಿಯಲ್ಲಿ ನಿಂತಿದ್ದ ಹೊಸಬಳು, ಅವನು ಒಳಗೆ ಕಾಲಿಡುತ್ತಲೇ, ಅಣ್ಣಾ, ನಿಮಗೆ ಬಲಗಡೆ ಸೊಂಟ ನೋಯುತ್ತಾ ಎಂದು ಕೇಳಿದಳು. ಅವನ ಎಡ ಷೂವಿನೊಳಗೆ ಆರು ಮಿಲಿಮೀಟರಿನ ತುಂಡೊಂದನ್ನು ಅಂಟಿಸಿಕೊಟ್ಟಳು. ಹತ್ತು ದಿನಕ್ಕೆ ಅವನು ನೆಟ್ಟಗೆ ಏಳತೊಡಗಿದ. ಹನ್ನೊಂದನೇ ದಿನದಿಂದ ಮನೆಗೆ ಬಂದವರಿಗೆಲ್ಲ ಆ ಕತೆ ಹೇಳತೊಡಗಿದ.

"ಅವಳು ನೋಡಿದ್ದೇ ಎಷ್ಟು? ಇಪ್ಪತ್ತು ಹೆಜ್ಜೆ."

"ನಾನು ಹದಿನೈದು ವರ್ಷ ನೋಡಿದೀನಿ," ಅಂದಳು ಅತ್ತಿಗೆ. "ಅದೇ ತಪ್ಪಾಗಿದ್ದು."

ಗಂಡ ಇದನ್ನು ತಮಾಷೆ ಎಂದುಕೊಂಡ. ಅತ್ತಿಗೆ ಅವನು ಮಲಗಿದ ಮೇಲೆ ಬಾಗಿಲ ಬಳಿ ಇದ್ದ ಅವನ ಹಳೆಯ ಚಪ್ಪಲಿ ತಿರುಗಿಸಿ ನೋಡಿದಳು. ಬಲ ಹಿಮ್ಮಡಿಯ ಹೊರ ಅಂಚು ಕಾಗದದಷ್ಟು ತೆಳ್ಳಗಾಗಿತ್ತು. ಊರವರ ಚಪ್ಪಲಿಯನ್ನೆಲ್ಲ ತಿರುಗಿಸಿದವಳು ಇದೊಂದನ್ನು ತಿರುಗಿಸಿರಲಿಲ್ಲ.

ಮರುದಿನ ಬೆಳಿಗ್ಗೆ ಪೋಸ್ಟ್‌ಮ್ಯಾನ್ ಅಜ್ಜ ಅಳತೆಗೆ ಬಂದರು. ನಿವೃತ್ತರು, ಸಕ್ಕರೆ ಕಾಯಿಲೆ, ಎರಡೂ ಪಾದಗಳಿಗೆ ಸ್ಪರ್ಶವಿಲ್ಲ. ಬಲ ಹೆಬ್ಬೆರಳಿನ ಬುಡದಲ್ಲಿ ಹಿಂದಿನ ವರ್ಷ ಹುಣ್ಣಾಗಿ, ಐದು ತಿಂಗಳು ಒಣಗದೆ, ಬೆರಳೇ ಹೋಗುವಂತಾಗಿತ್ತಂತೆ. ಅಲ್ಲಿ ಭಾರ ಬೀಳದಂತೆ ಷೂವಿನ ಒಳ ಅಟ್ಟೆಯಲ್ಲಿ ಒಂದು ಗುಳಿ ಬಿಡಬೇಕಿತ್ತು, ಒಳಕ್ಕೆ ಬಾಗಿದ ಎಡ ಪಾದಕ್ಕೆ ಅದೇ ಜಾಗದಲ್ಲಿ ಆಸರೆಯ ಏರು ಬೇಕಿತ್ತು. ಹೊಸಬಳು ಹಿಂದಿನ ಕೋಣೆಯಲ್ಲಿದ್ದಳು. ಅತ್ತಿಗೆಯೊಬ್ಬಳೇ ಕೂತು ಅಳತೆ ತೆಗೆದು ಹಾಳೆ ತುಂಬಿದಳು. ತುಂಬುವಾಗ ಅವಳ ಮನಸ್ಸು ಹಾಳೆಯ ಮೇಲಿರಲಿಲ್ಲ, ಇಪ್ಪತ್ತು ಹೆಜ್ಜೆಯ ಮೇಲಿತ್ತು.

ಇನ್ನು ಚೀಟಿಯ ವಿಷಯ. ಕಂಪನಿಗೆ ಹೊಸಬರನ್ನು ಸೇರಿಸಿಕೊಳ್ಳಲು ಒಂದು ನಿಯಮವಿತ್ತು, ಅದನ್ನು ಮಾಡಿದವಳು ಅತ್ತಿಗೆಯೇ. ಶುರುವಿನಲ್ಲಿ ಮೈದುನ ತನ್ನ ಗೆಳೆಯನೊಬ್ಬನನ್ನು ಗಿರಾಕಿ ತರಲು ಇಟ್ಟುಕೊಂಡಿದ್ದ. ಮಾತಿನಮಲ್ಲ. ಎರಡೇ ದಿನದಲ್ಲಿ ಷೂ, ಒಂದೇ ವಾರದಲ್ಲಿ ಕುಂಟು ಮಾಯ ಎಂದು ಊರೆಲ್ಲ ಹೇಳಿಬಂದ. ಬಂದವರ ಬೈಗುಳ ಕೇಳಿದವಳು ಅತ್ತಿಗೆ. ಅವನನ್ನು ಕಳಿಸಿದ ಮೇಲೆ ಅವಳು ಹೇಳಿದಳು: ಇನ್ನು ಮೇಲೆ ಯಾರೇ ಬರಲಿ, ಆರು ವಾರ ಕೆಲಸ ಮಾಡಲಿ. ಕೊನೆಯ ಶುಕ್ರವಾರ ಸಂಜೆ ಐದಕ್ಕೆ ಹಳಬರೆಲ್ಲ ಒಂದೊಂದು ಚೀಟಿ ಹಾಕುವುದು, ಇರಲಿ ಅಥವಾ ಬೇಡ. ಹೆಸರು ಬರೆಯುವಂತಿಲ್ಲ. ಒಂದು ಬೇಡ ಬಂದರೂ ಬೇಡ. ಕಾರಣ ಯಾರೂ ಕೇಳಕೂಡದು, ಕೇಳಿದರೆ ಜನ ಸುಳ್ಳು ಹೇಳುತ್ತಾರೆ. ನಾಲ್ಕು ಜನ ಒಂದೇ ಕೋಣೆಯಲ್ಲಿ ದಿನವಿಡೀ ಉಸಿರಾಡಬೇಕು, ಒಬ್ಬರಿಗೆ ಆಗದಿದ್ದರೂ ಕೋಣೆ ಕೆಡುತ್ತದೆ ಎಂಬುದು ಅವಳ ವಾದ. ಆ ನಿಯಮದಂತೆ ಚರ್ಮ ಕತ್ತರಿಸುವವನೊಬ್ಬ ಜಗಳವಿಲ್ಲದೆ ಬಂದು, ಜಗಳವಿಲ್ಲದೆ ಹೋಗಿದ್ದ. ಮೈದುನ ಅದನ್ನು ಮೆಚ್ಚಿ, ಕೇಳಿದವರಿಗೆಲ್ಲ ಹೇಳುತ್ತಿದ್ದ.

ಹೊಸಬಳ ಚೀಟಿ ಆರನೇ ವಾರದ ಶುಕ್ರವಾರ. ಹಿಂದಿನ ದಿನ, ಗುರುವಾರ ಮಧ್ಯಾಹ್ನ ಮೂರರ ಸುಮಾರಿಗೆ, ಅತ್ತಿಗೆ ತಯಾರಾದ ಮಾಲಿನ ಕಪಾಟಿನಲ್ಲಿ ಅಂಟಿನ ಬ್ರಷ್ ಹುಡುಕುತ್ತಿದ್ದಳು. ಪೋಸ್ಟ್‌ಮ್ಯಾನ್ ಅಜ್ಜನ ಷೂ ಅಲ್ಲಿತ್ತು. ಅಭ್ಯಾಸಬಲದಿಂದ ಒಳಗೆ ಬೆರಳು ಹಾಕಿದಳು. ಗುಳಿ ಎಡ ಷೂವಿನಲ್ಲಿತ್ತು.

ಬಲ ಷೂವಿನಲ್ಲಿ ಬೆರಳಾಡಿಸಿದಳು. ಹೆಬ್ಬೆರಳಿನ ಬುಡ ಬರುವ ಜಾಗದಲ್ಲಿ ಗುಳಿಯಿಲ್ಲ, ಗಟ್ಟಿ ಏರು. ಆ ಏರು ಎಡಗಾಲಿನ ಬಾಗಿದ ಪಾದಕ್ಕೆ ಇರಬೇಕಾದ್ದು. ಅವಳು ಹಾಳೆ ತೆಗೆದು ನೋಡಿದಳು. ಷೂ ಹಾಳೆಯಲ್ಲಿದ್ದಂತೆಯೇ ಇತ್ತು. ಹಾಳೆಯೇ ಅದಲುಬದಲು.

ಹೇಗಾಯಿತೆಂದು ಅವಳಿಗೆ ಆ ಕ್ಷಣವೇ ಹೊಳೆಯಿತು. ಹನ್ನೊಂದು ವರ್ಷ ಅವಳು ಗಿರಾಕಿಯ ಎದುರು ಕೂತವಳು. ಅವಳ ಎಡಗೈ ಕಡೆ ಇರುವುದು ಅವರ ಬಲಗಾಲು. ತನ್ನ ನೋಟ್‌ಬುಕ್ಕಿನಲ್ಲಿ ಅವಳು ಕಂಡ ಹಾಗೆಯೇ ಬರೆಯುತ್ತಿದ್ದಳು, ತನ್ನ ಎಡಕ್ಕಿದ್ದದ್ದನ್ನು ಎಡ ಪುಟದಲ್ಲಿ. ದಾರದಣ್ಣ ಅದನ್ನು ತಿರುಗಿಸಿ ಓದುತ್ತಿದ್ದ. ಇಬ್ಬರ ನಡುವೆ ಒಮ್ಮೆಯೂ ತಪ್ಪಾಗಿರಲಿಲ್ಲ. ಹೊಸ ಹಾಳೆಯಲ್ಲಿ ಎಡ ಅಂದರೆ ಗಿರಾಕಿಯ ಎಡ. ಅವಳು ಎಚ್ಚರದಿಂದ ಹಾಗೆಯೇ ತುಂಬುತ್ತಿದ್ದಳು, ಆ ಒಂದು ಬೆಳಿಗ್ಗೆ ಬಿಟ್ಟು.

ಆದರೆ ಕೆಳಗಿನ ಸಹಿ ಹೊಸಬಳದು. ಪರಿಶೀಲಿಸಿದ್ದೇನೆ ಎಂದು ಬರೆದು, ತಾರೀಖು ಹಾಕಿ, ಅಚ್ಚುಕಟ್ಟಾಗಿ.

ಅತ್ತಿಗೆ ಹಾಳೆಯನ್ನು ಇದ್ದ ಜಾಗದಲ್ಲೇ ಇಟ್ಟಳು. ಬ್ರಷ್ ಸಿಕ್ಕಿತು. ಕಪಾಟು ಮುಚ್ಚಿದಳು. ನಾಳೆ ಹನ್ನೊಂದಕ್ಕೆ ಅಜ್ಜ ಬರುತ್ತಾರೆ, ಷೂ ಹಾಕಿಸುವವಳು ಹೊಸಬಳು, ಎಲ್ಲರ ಮುಂದೆ ತಪ್ಪು ಹೊರಬೀಳುತ್ತದೆ, ಸಂಜೆ ಐದಕ್ಕೆ ಚೀಟಿ. ತಾನು ಏನೂ ಮಾಡಬೇಕಿಲ್ಲ, ಬಾಯಿ ಮುಚ್ಚಿಕೊಂಡಿದ್ದರೆ ಸಾಕು. ಮನೆಗೆ ಹೋಗುವ ದಾರಿಯಲ್ಲಿ ಅವಳಿಗೆ ಆರು ವಾರಗಳಲ್ಲಿ ಮೊದಲ ಸಲ ಹಸಿವಾಯಿತು.

ಶುಕ್ರವಾರ ಹನ್ನೊಂದಕ್ಕೆ ಐದು ನಿಮಿಷವಿರುವಾಗ ಅಜ್ಜ ಬಂದರು. ಹೊಸಬಳು ಕಾಲುಚೀಲದ ಮೇಲೇ ಷೂ ಹಾಕಿಸಿ, ಲೇಸ್ ಕಟ್ಟಿ, ಹೇಗಿದೆ ಅಜ್ಜ ಎಂದು ಕೇಳಿದಳು.

"ಹೂವಿನ ಹಾಗಿದೆಯಮ್ಮ."

ಎಲ್ಲಾದರೂ ಒತ್ತುತ್ತಾ?

"ನನ್ನ ಕಾಲನ್ನ ಕೇಳಬೇಡ, ಅದಕ್ಕೆ ಏನೂ ಗೊತ್ತಾಗಲ್ಲ. ಮೊಳೆ ಹೊಕ್ಕಿದ್ದಾಗಲೂ ಹೂವಿನ ಹಾಗೇ ಇತ್ತು."

ಪಕ್ಕದ ಸ್ಟೂಲಿನ ಮೇಲೆ ಕೂತಿದ್ದ ಅತ್ತಿಗೆಗೆ ಆಗ ತನ್ನ ಲೆಕ್ಕ ಎಲ್ಲಿ ತಪ್ಪಿತೆಂದು ತಿಳಿಯಿತು. ತಪ್ಪು ತಾನಾಗಿ ಹೊರಬೀಳುವುದು ಗಿರಾಕಿಗೆ ನೋವಾದರೆ ಮಾತ್ರ. ಈ ಮನುಷ್ಯನಿಗೆ ನೋವಾಗುವುದಿಲ್ಲ. ಖುಷಿಯಿಂದ ಮನೆಗೆ ಹೋಗುತ್ತಾರೆ, ದಿನವೂ ಹಾಕಿಕೊಂಡು ವಾಯುವಿಹಾರ ಮಾಡುತ್ತಾರೆ, ಹಳೆಯ ಹುಣ್ಣು ಒಳಗೇ ಬಾಯಿ ಬಿಡುತ್ತದೆ.

ಹೊಸಬಳು ಅವರನ್ನು ಗೋಡೆಯವರೆಗೆ ನಡೆಸಿದಳು. ಇನ್ನೊಮ್ಮೆ ನಡೆಸಿದಳು. ಹುಬ್ಬು ಗಂಟಿಕ್ಕಿ ಹಾಳೆ ನೋಡಿದಳು, ಅಜ್ಜನ ಬೆನ್ನು ನೋಡಿದಳು, ಮತ್ತೆ ಹಾಳೆ ನೋಡಿದಳು. ಆಮೇಲೆ ತನಗೆ ತಾನೇ ಹೇಳಿಕೊಂಡಂತೆ, ಆದರೆ ಎಲ್ಲರಿಗೂ ಕೇಳುವಂತೆ ಹೇಳಿದಳು:

"ನನ್ನ ಕಣ್ಣೇ ಎಲ್ಲೋ ತಪ್ತಾ ಇದೆ. ಅಳತೆ ಅತ್ತಿಗೆ ತೆಗೆದದ್ದು, ಅದು ತಪ್ಪಿರಲ್ಲ."

ಮೇಡಂ ಅಲ್ಲ, ಅತ್ತಿಗೆ ಅಂದಳು ಹೊಸಬಳು. ಆರು ವಾರಗಳಲ್ಲಿ ಮೊದಲ ಸಲ.

ಅತ್ತಿಗೆ ಎದ್ದು ಹೋಗಿ ಅಜ್ಜನನ್ನು ಕೂರಿಸಿ, ಷೂ ಬಿಚ್ಚಿದಳು, ಕಾಲುಚೀಲವನ್ನೂ ಎಳೆದಳು. ಬಲ ಹೆಬ್ಬೆರಳಿನ ಬುಡದಲ್ಲಿ ಆಗಲೇ ನಾಣ್ಯದಗಲ ಕೆಂಪಾಗಿತ್ತು.

"ಎಡಬಲ ಅದಲುಬದಲಾಗಿದೆ," ಅಂದಳು. "ಬರೆದವಳು ನಾನು. ಇವಳದೇನೂ ತಪ್ಪಿಲ್ಲ."

ಅದನ್ನು ನಿನ್ನೆ ಮಧ್ಯಾಹ್ನವೇ ನೋಡಿದ್ದೆ ಎಂಬುದನ್ನು ಹೇಳಲಿಲ್ಲ.

ಒಂದು ಮಾತು ಬೈಗುಳ ಬಂದಿದ್ದರೂ ಅವಳಿಗೆ ಹಗುರಾಗುತ್ತಿತ್ತು. ಯಾರೂ ಬೈಯಲಿಲ್ಲ. ಅಜ್ಜ, ನಾನೂ ಮೂವತ್ತು ವರ್ಷದಲ್ಲಿ ಎಷ್ಟು ಕಾಗದ ಎದುರು ಮನೆಗೆ ಹಾಕಿಲ್ಲ, ಎಂದು ನಕ್ಕರು. ಹೊಸಬಳು, ಎದುರು ಕೂತು ಬರೆದರೆ ಹಾಗೇ ಆಗುತ್ತೆ ಅಲ್ವಾ, ನನಗೆ ಹೊಳೆದೇ ಇರಲಿಲ್ಲ, ಎಂದು ಕಣ್ಣರಳಿಸಿದಳು. ಎರಡು ಗಂಟೆಯಲ್ಲಿ ಹೊಸ ಒಳ ಅಟ್ಟೆ ತಾನೇ ಉಜ್ಜಿ ಕೂರಿಸಿದಳು. ಅಷ್ಟಕ್ಕೇ ಬಿಡಲಿಲ್ಲ. ಮಧ್ಯಾಹ್ನ ಮೈದುನನ ಬಳಿ ಹೋಗಿ, ಇನ್ನು ಮೇಲೆ ಅಳತೆಗೆ ಕೂತ ಕೂಡಲೇ ಗಿರಾಕಿಯ ಬಲಗಾಲಿಗೆ ಒಂದು ಕೆಂಪು ಪಟ್ಟಿ ಕಟ್ಟಿಬಿಡೋಣ, ಹಾಳೆಯಲ್ಲೂ ಬಲದ ಸಾಲಿಗೆ ಕೆಂಪು ಬಣ್ಣ ಹಾಕೋಣ, ಯಾರು ಎಲ್ಲಿ ಕೂತರೂ ತಪ್ಪಾಗಲ್ಲ, ಅಂದಳು.

"ಇಷ್ಟು ಸುಲಭ ಇತ್ತಾ," ಅಂದ ಮೈದುನ. ಅವನ ಮುಖದಲ್ಲಿ ಬೆಳಕಾಡಿತು. ಕಂಪನಿ ಶುರುವಾದ ಹೊಸತರಲ್ಲಿ, ಅತ್ತಿಗೆ ಮೊದಲ ಸಲ ಅವನೆದುರು ಚಪ್ಪಲಿ ತಿರುಗಿಸಿ ಓದಿದಾಗ, ಆ ಬೆಳಕು ಅವಳಿಗೆ ಸಿಕ್ಕಿತ್ತು. ಈಗ ಅವಳ ತಪ್ಪಿನಿಂದಲೂ ಒಂದು ಮೆಚ್ಚುಗೆ ಗಿಟ್ಟಿಸಿಕೊಂಡವಳು ಅಲ್ಲಿ ನಿಂತಿದ್ದಳು, ಮೊಣಕೈವರೆಗೆ ಉಜ್ಜಿದ ಪುಡಿ ಮೆತ್ತಿಕೊಂಡು.

ಸಂಜೆ ಐದಕ್ಕೆ ಚೀಟಿ. ನಿಯಮದ ಪ್ರಕಾರ ಹೊಸಬಳು ಹಿಂದಿನ ಕೋಣೆಗೆ ಹೋದಳು. ಮೈದುನ ಒಂದು ಖಾಲಿ ಷೂ ಪೆಟ್ಟಿಗೆ ಮೇಜಿನ ಮೇಲಿಟ್ಟ. ಮೂವರೂ ಬೇರೆ ಬೇರೆ ಮೂಲೆಗೆ ತಿರುಗಿ ಬರೆದರು. ಅಕ್ಷರ ಗುರುತು ಸಿಗದಿರಲೆಂದು ಅತ್ತಿಗೆ ಎಡಗೈಯಲ್ಲಿ ಬರೆದಳು. ಸುಳ್ಳು ಹೇಳಿ ಅವಳನ್ನು ಕಳಿಸಬಾರದು ಎಂದು ಬೆಳಿಗ್ಗೆ ನಿಶ್ಚಯವಾಗಿತ್ತು. ಇದು ಸುಳ್ಳಲ್ಲ. ಕೋಣೆಯಲ್ಲಿ ಒಬ್ಬರಿಗೆ ಉಸಿರು ಕಟ್ಟುತ್ತಿದ್ದದ್ದು ನಿಜ.

ಮೈದುನ ಚೀಟಿ ಬಿಡಿಸಿದ. ಇರಲಿ. ಇರಲಿ. ಬೇಡ.

ಮೂರನೆಯದನ್ನು ಅವನು ಬಹಳ ಹೊತ್ತು ಹಿಡಿದುಕೊಂಡಿದ್ದ. ಅದರಲ್ಲಿ ಎರಡೇ ಅಕ್ಷರ ಇದ್ದದ್ದು. ದಾರದಣ್ಣ ಸೂರು ನೋಡುತ್ತಿದ್ದ. ಮೂವರೇ ಇರುವ ಕಡೆ ಹೆಸರು ಬರೆಯದಿರುವುದರಿಂದ ಏನೂ ಮುಚ್ಚಿಹೋಗುವುದಿಲ್ಲ ಎಂದು ನಿಯಮ ಮಾಡುವಾಗ ಯಾರಿಗೂ ಹೊಳೆದಿರಲಿಲ್ಲ.

"ಅತ್ತಿಗೆ," ಅಂದ ಮೈದುನ.

"ಕಾರಣ ಕೇಳೋ ಹಾಗಿಲ್ಲ ಕಣಪ್ಪಾ."

ಅವನು ಕೇಳಲಿಲ್ಲ. ಹಿಂದಿನ ಕೋಣೆಗೆ ಹೋಗಿ ಹೇಳಿ ಬಂದ. ಹೊಸಬಳು ಏಪ್ರನ್ ಮಡಚಿ ಮೇಜಿನ ಮೇಲಿಟ್ಟಳು, ಲೋಟ ತೊಳೆದಿಟ್ಟಳು. ಹೊರಡುವಾಗ ಅತ್ತಿಗೆಯ ಎದುರು ನಿಂತು, ಅಜ್ಜನನ್ನು ಸೋಮವಾರ ಇನ್ನೊಂದು ಸಲ ಕರೆಸಿ ನೋಡಿ, ಅಂಟು ಒಣಗಿದ ಮೇಲೆ ಅಟ್ಟೆ ಅರ್ಧ ಮಿಲಿಮೀಟರ್ ಕುಗ್ಗುತ್ತೆ, ಅಂದಳು. ಆಮೇಲೆ, "ಬರ್ತೀನಿ ಮೇಡಂ" ಅಂದಳು.

ಗಂಡ ಮನೆಯಲ್ಲಿ ವಿಷಯ ತಿಳಿದು, ಯಾಕೆ ಎಂದು ಕೇಳಿದ. ಕಾರಣ ಕೇಳಬಾರದು ಅನ್ನೋದು ನಿಯಮ ಅಂದಳು. ಅದು ಕಂಪನಿಯವರಿಗೆ, ನಾನು ಕಂಪನಿಯವನಲ್ಲ ಅಂದ. ನಿಮ್ಮ ಸೊಂಟ ನೆಟ್ಟಗಾಯ್ತಲ್ಲ, ಸುಮ್ಮನಿರಿ ಅಂದಳು. ಅವನು ಸುಮ್ಮನಾದ. ಷೂವಿನೊಳಗಿನ ತುಂಡನ್ನು ಮಾತ್ರ ತೆಗೆಯಲಿಲ್ಲ.

ಸೋಮವಾರ ಅಜ್ಜ ಬಂದರು. ಅಟ್ಟೆ ಅರ್ಧ ಮಿಲಿಮೀಟರ್ ಕುಗ್ಗಿತ್ತು. ಅತ್ತಿಗೆ ಸರಿಪಡಿಸಿದಳು. ಕೆಂಪು ಪಟ್ಟಿ ಕಟ್ಟುವ ಪದ್ಧತಿ ಉಳಿಯಿತು, ಹದಿನಾಲ್ಕು ಅಂಕಣದ ಹಾಳೆಯೂ ಉಳಿಯಿತು. ಚೀಟಿಯ ನಿಯಮವನ್ನು ಮೈದುನ ತೆಗೆಯಲಿಲ್ಲ, ಆದರೆ ಯಾರಿಗೂ ಹೇಳಿಕೊಳ್ಳುವುದನ್ನು ಬಿಟ್ಟ. ಗಡುವಿನ ದಿನಕ್ಕೆ ಪುನರ್ವಸತಿ ಕೇಂದ್ರದ ನಲವತ್ತು ಜೋಡಿಗಳಲ್ಲಿ ಇಪ್ಪತ್ತಾರು ಮಾತ್ರ ಮುಗಿದಿದ್ದವು.

ಕೇಂದ್ರದವರು ಒಳ್ಳೆಯವರು, ಉಳಿದ ಹದಿನಾಲ್ಕಕ್ಕೆ ಒಂದು ತಿಂಗಳು ಕೊಟ್ಟರು. ಒಂದು ಷರತ್ತು ಹಾಕಿದರು: ಇನ್ನು ಮುಂದೆ ಅಳತೆ ತೆಗೆಯುವುದು, ಬಂದ ಮಾಲು ನೋಡಿ ಒಪ್ಪುವುದು ಎರಡನ್ನೂ ಕೇಂದ್ರದವರೇ ಮಾಡುತ್ತಾರೆ, ಅದಕ್ಕಾಗಿ ಒಬ್ಬರನ್ನು ಕೆಲಸಕ್ಕೆ ತೆಗೆದುಕೊಂಡಿದ್ದಾರೆ. ಹದಿನಾಲ್ಕು ಹಾಳೆಗಳು ಅಂಚೆಯಲ್ಲಿ ಬಂದವು. ಬಲದ ಸಾಲು ಕೆಂಪು. ಕೆಳಗಿನ ಸಹಿಯನ್ನು ಅತ್ತಿಗೆ ಓದಬೇಕಾಗಿಯೇ ಇರಲಿಲ್ಲ.

ಎರಡು ವಾರದ ನಂತರ, ಬುಧವಾರ ಬೆಳಿಗ್ಗೆ ಹತ್ತೂವರೆಗೆ, ಅತ್ತಿಗೆ ಮೊದಲ ಆರು ಜೋಡಿ ತೆಗೆದುಕೊಂಡು ಕೇಂದ್ರಕ್ಕೆ ಹೋದಳು. ಹೊಸಬಳು ಅವಳನ್ನು ಕೂರಿಸಿ, ಟೀ ತರಿಸಿ, ಒಂದೊಂದನ್ನೂ ಬೆರಳಾಡಿಸಿ ನೋಡಿದಳು. ಐದಕ್ಕೆ ಸಹಿ ಹಾಕಿದಳು. ಒಂದನ್ನು ವಾಪಸ್ ಕಳಿಸಿದಳು.